ಜೋಗದ ಕೆಳಗಿನ ಕಣಿವೆಯನ್ನು ನಕ್ಷೆಗೆ ಇಳಿಸಿದ್ದು

ಜೋಗದಲ್ಲಿ 830 ಅಡಿ ಧುಮುಕಿದ ಶರಾವತಿ ಅಲ್ಲಿಂದ ಗೇರುಸೊಪ್ಪೆಯ ಕಡೆಗೆ ಕಡಿದಾದ ಕೊರಕಲಿನಲ್ಲೇ ಹರಿಯುತ್ತಾಳೆ. 1957ರ ಚಳಿಗಾಲದಲ್ಲಿ ನಾನು ಸರ್ವೆ ಮಾಡಿದ್ದು ಆ ಕಣಿವೆಯನ್ನು. ಮಳೆಗಾಲವೆಲ್ಲ ಕಚೇರಿ, ನವೆಂಬರ್‌ನಿಂದ ಏಪ್ರಿಲ್‌ವರೆಗೆ ಕಾಡು. ನಕ್ಷೆಯ ಒಂದು ಇಂಚಿಗೆ ನೆಲದ ಒಂದು ಮೈಲಿ ಅಳತೆ, 50 ಅಡಿ ಎತ್ತರಕ್ಕೊಂದು ಸಮೋನ್ನತಿ ರೇಖೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ.

ನಕ್ಷೆ ಬರೆಯುವ ನಮ್ಮ ಉಪಕರಣ ಪ್ಲೇನ್ ಟೇಬಲ್, ಅಂದರೆ ಮೂರು ಕಾಲಿನ ಮೇಲೆ ಕೂತ ಚೌಕಾಕಾರದ ಹಲಗೆ. ಅದರ ಮೇಲಿನ ಹಾಳೆಯಲ್ಲಿ ಮೊದಲೇ ಅಳೆದಿಟ್ಟ ಗುಡ್ಡಗಳು ಚುಕ್ಕೆಗಳಾಗಿ ಇರುತ್ತವೆ. ದಿಕ್ಸೂಚಿ ನೋಡಿ ಹಲಗೆ ತಿರುಗಿಸಿ, ಕಣ್ಣಿಗೆ ಕಾಣುವ ಮೂರು ಗುಡ್ಡಗಳ ಕಡೆ ಗುರಿಯಿಟ್ಟು, ಒಂದೊಂದರ ಚುಕ್ಕೆಯಿಂದಲೂ ನಮ್ಮ ಕಡೆಗೆ ಗೆರೆ ಎಳೆದರೆ ಮೂರೂ ಕೂಡುವಲ್ಲಿ ನಾವು ನಿಂತಿದ್ದೇವೆ ಎಂದರ್ಥ. ಸಾಮಾನ್ಯವಾಗಿ ಅವು ಕೂಡುವುದಿಲ್ಲ, ಸಣ್ಣ ತ್ರಿಕೋನ ಉಳಿಯುತ್ತದೆ. ಹಲಗೆಯನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಎಳೆಯಬೇಕು, ತ್ರಿಕೋನ ಚುಕ್ಕೆಯಾಗುವವರೆಗೆ.

ಒಂದು ದಿಬ್ಬದ ಮೇಲೆ ಆ ತ್ರಿಕೋನ ಹೆಬ್ಬೆರಳಿನಷ್ಟು ಬಂತು. ನಾಲ್ಕು ಸಲ ಎಳೆದರೂ ಅಷ್ಟೇ. ಹಲಗೆಯ ಕಾಲು ಸರಿಮಾಡಲು ಖಲಾಸಿ, ಅಂದರೆ ಸಾಮಾನು ಹೊರುವ ಸಹಾಯಕ, ಬಗ್ಗಿದಾಗ ದಿಕ್ಸೂಚಿಯ ಸೂಜಿ ಅಲುಗಿತು: ಅವನ ಸೊಂಟದಲ್ಲಿ ಕತ್ತಿಯಿತ್ತು. ಅದನ್ನು ದೂರದ ಮರದ ಬುಡಕ್ಕೆ ಇಡಿಸಿದ ಮೇಲೆ ಸೂಜಿ ತನ್ನ ಜಾಗಕ್ಕೆ ಬಂದು ನಿಂತಿತು. ಬೆಳಗ್ಗೆಯಿಂದ ಗುರುತಿಸಿದ್ದ ಎರಡು ಜಾಗಗಳನ್ನೂ ಅಳಿಸಿ, ಇಳಿದು, ಮತ್ತೆ ಹತ್ತಿದೆವು. ಇಲ್ಲಿ ಸುಳ್ಳಾಗಿ ಕೂಡಿಸಿದ ಒಂದು ಗೆರೆ ಮುಂದೆ ಮೈಲುಗಟ್ಟಲೆ ನದಿಯನ್ನೇ ಸರಿಸಿಬಿಡುತ್ತದೆ.

ಹೊಳೆಯ ದಂಡೆಗೆ ಇಳಿದರಂತೂ ಒಂದು ಗುಡ್ಡವೂ ಕಾಣುತ್ತಿರಲಿಲ್ಲ. ಮೇಲಿನ ಅಂಚಿನಲ್ಲಿ ಮಂಜು ಕರಗುವವರೆಗೆ ಕಾಯುವುದು, ಬಂಡೆ, ಮಡು, ತಿರುವುಗಳಿಗೆ ಎರಡು ಕಡೆಯಿಂದ ಗೆರೆ ಹಾಯಿಸುವುದು, ಕ್ಲಿನೋಮೀಟರಿನಲ್ಲಿ ಕೋನ ನೋಡಿ ಎತ್ತರ ಲೆಕ್ಕ ಹಾಕುವುದು, ಇದೇ ದಿನಚರಿ. ವಿಮಾನದಿಂದ ತೆಗೆದ ಚಿತ್ರಗಳು ಆಗಲೇ ಬಳಕೆಗೆ ಬಂದಿದ್ದವು, ನಿಜ. ಆದರೆ ಮರಗಳ ಅಡಿಯಲ್ಲೇ ಹರಿಯುವ ಹಳ್ಳ ಆಕಾಶದಿಂದ ಕಾಣುವುದಿಲ್ಲ. ಅದಕ್ಕೆ ನಡೆಯಲೇಬೇಕು.

ಹೆಸರಂತೂ ಯಾವ ಚಿತ್ರದಲ್ಲೂ ಸಿಗದು. ಒಂದು ತೊರೆಯ ಪಕ್ಕ ಏನೂ ಬರೆಯದೆ ಬಿಟ್ಟದ್ದನ್ನು ದಾರಿ ತೋರಲು ಬಂದ ಹಿರಿಯರು ನೋಡಿದರು. ಅಕ್ಷರ ಬಾರದಿದ್ದರೂ ಆ ಗೆರೆ ಯಾವುದೆಂದು ಅವರಿಗೆ ತಿಳಿಯಿತು. "ಒಡೆಯಾ, ಹಳ್ಳಕ್ಕೆ ಹೆಸರಿಲ್ದೆ ಇರ್ತದಾ?" ಎಂದರು.

ಅವರೊಂದು ಹೆಸರು ಹೇಳಿದರು, ಆಚೆ ದಡದವರು ಅದೇ ಹಳ್ಳಕ್ಕೆ ಬೇರೆ ಹೆಸರು ಹೇಳಿದರು. ಎರಡನ್ನೂ ಪುಸ್ತಕದಲ್ಲಿ ಬರೆದುಕೊಂಡು, ಇಬ್ಬರಿಗೂ ಓದಿ ಹೇಳಿ, ಆಮೇಲೆ ನಕ್ಷೆಗೆ ಹಾಕಿದೆ.