ಬೆಸ ವರ್ಷದ ಕೈಬರಹ: ರ‍್ಯಾಂಚರ್ ಒಬ್ಬರ ನೆನಪು ಬರೆಯುವ ಬಗೆ

ಮೊದಲ ಸಲ ರ‍್ಯಾಂಚರ್ ಒಬ್ಬರ, ಅಂದರೆ ದೊಡ್ಡ ಹುಲ್ಲುಗಾವಲಿನಲ್ಲಿ ದನ ಸಾಕುತ್ತಿದ್ದು ತೀರಿಕೊಂಡವರೊಬ್ಬರ, ಬಗ್ಗೆ ನೆನಪಿನ ಬರಹ ಬರೆದುಕೊಟ್ಟಾಗ ಅವರ ಹೆಂಡತಿ ಎರಡನೆಯ ಸಾಲಿನ ಮೇಲೆ ಬೆರಳಿಟ್ಟು, ಕನ್ನಡಕದ ಮೇಲಿನಿಂದ ನನ್ನನ್ನೇ ನೋಡಿದರು. ಎಷ್ಟು ಎಕರೆ ಹುಲ್ಲುಗಾವಲು, ಎಷ್ಟು ದನ ಎಂದು ಆ ಸಾಲಿನಲ್ಲಿ ಬರೆದಿದ್ದೆ. “ಹಾಗೆಯೇ ಬ್ಯಾಂಕಿನ ಲೆಕ್ಕವನ್ನೂ ಅಚ್ಚು ಹಾಕಿಸಿಬಿಡು” ಎಂದರು. ಅಮೆರಿಕದ ಮೊಂಟಾನಾ ರಾಜ್ಯದ ಪೂರ್ವಭಾಗದ ಒಂದು ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಗ್ರಂಥಾಲಯದಲ್ಲಿ ನಾನು ಕೆಲಸಕ್ಕೆ ಸೇರಿ ಆಗಿನ್ನೂ ಎರಡು ವರ್ಷ. ಇಲ್ಲಿ ಒಬ್ಬರ ದನದ ಸಂಖ್ಯೆ ಕೇಳುವುದೂ ಸಂಬಳ ಕೇಳುವುದೂ ಒಂದೇ ಎಂದು ಯಾರೂ ಹೇಳಿರಲಿಲ್ಲ. ಆ ಸಾಲನ್ನು ಹೊಡೆದು ಹಾಕಿದೆ. ಆಮೇಲಿನ ಹದಿನೈದು ವರ್ಷಗಳಲ್ಲಿ ಇಂಥ ಎರಡು ಡಜನ್ ಬರಹಗಳಿಗಾದರೂ ಕೈ ಹಾಕಿದ್ದೇನೆ. ಹೊರನಾಡಿನಲ್ಲಿರುವ ನಮ್ಮವರಿಗೂ ಒಂದಲ್ಲ ಒಂದು ದಿನ ನೆರೆಯವರೊಬ್ಬರ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂಬ ಕೋರಿಕೆ ಬರುತ್ತದೆ. ಅಂಥವರಿಗಾಗಿ ಇದು.

ಮನೆಯವರು ಸಾಮಾನ್ಯವಾಗಿ ಒಂದು ಹಾಳೆ ತಂದುಕೊಡುತ್ತಾರೆ. ಶಾಲಾ ಮಂಡಳಿ, ಕೌಂಟಿ ಕಮಿಷನರ್ (ಕೌಂಟಿಯ ಆಡಳಿತಕ್ಕೆ ಆರಿಸಿ ಬಂದವರು), ಮಣ್ಣು ಸಂರಕ್ಷಣಾ ಜಿಲ್ಲೆ, ಕಳೆ ನಿಯಂತ್ರಣ ಮಂಡಳಿ, ಸ್ವಯಂಸೇವಕ ಅಗ್ನಿಶಾಮಕ ದಳ, ಎರಡು ಅವಧಿಗೆ ಶಾಸಕ. ಅದನ್ನೇ ವಾಕ್ಯ ಮಾಡಿ ಜೋಡಿಸಿದರೆ ಸತ್ತವರ ವಿಸಿಟಿಂಗ್ ಕಾರ್ಡ್ ಸಿದ್ಧವಾಗುತ್ತದೆ, ಅಷ್ಟೇ. ಹಾಳೆಯನ್ನು ಪಕ್ಕಕ್ಕಿಟ್ಟು ಎರಡು ಕ್ಯಾಲೆಂಡರ್ ಬರೆದುಕೊಳ್ಳಿ. ಒಂದು ದನಗಳದ್ದು, ಇನ್ನೊಂದು ಸಭೆಗಳದ್ದು.

ಮೊಂಟಾನಾದ ಶಾಸನಸಭೆ ಬೆಸ ಸಂಖ್ಯೆಯ ವರ್ಷಗಳಲ್ಲಿ ಮಾತ್ರ ಸೇರುತ್ತದೆ. ಜನವರಿಯಲ್ಲಿ ಶುರುವಾಗಿ ಹೆಚ್ಚೆಂದರೆ 90 ಕಲಾಪದ ದಿನ. ರಾಜಧಾನಿ ಹೆಲೆನಾ ಪಶ್ಚಿಮದ ಬೆಟ್ಟಸಾಲಿನ ಬಳಿ ಇದೆ. ನಮ್ಮ ಕಡೆಯಿಂದ ಒಂದು ಇಡೀ ದಿನದ ದಾರಿ. ಇತ್ತ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹಸುಗಳು ಈಯುವ ಕಾಲ. ಚೊಚ್ಚಲ ಕಡಸುಗಳನ್ನು ಎರಡು ಮೂರು ಗಂಟೆಗೊಮ್ಮೆ ಹೋಗಿ ನೋಡಬೇಕು, ರಾತ್ರಿಯೂ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಒದ್ದೆ ಕರುವನ್ನು ಬೇಗ ಒರೆಸಿ ಒಳಗೆ ತರದಿದ್ದರೆ ಕಿವಿಯೂ ಬಾಲವೂ ಮರಗಟ್ಟಿ ಉದುರುತ್ತವೆ. ಈ ಎರಡೂ ಕ್ಯಾಲೆಂಡರುಗಳನ್ನು ಅಕ್ಕಪಕ್ಕ ಇಟ್ಟ ಕೂಡಲೇ ಕೇಳಬೇಕಾದ ಪ್ರಶ್ನೆ ತಾನಾಗಿ ಏಳುತ್ತದೆ: ಅವರು ಹೆಲೆನಾದಲ್ಲಿ ಮಸೂದೆ ಓದುತ್ತಿದ್ದಾಗ ಇಲ್ಲಿ ಹೆರಿಗೆ ನೋಡಿದವರು ಯಾರು?

ಉತ್ತರ ಕರು ಪುಸ್ತಕದಲ್ಲಿರುತ್ತದೆ. ಅಂಗಿಯ ಜೇಬಿಗೆ ಹಿಡಿಸುವ ಪುಟ್ಟ ಪುಸ್ತಕ ಅದು. ತಾಯಿಯ ಕಿವಿಬಿಲ್ಲೆಯ ಸಂಖ್ಯೆ, ತಾರೀಕು, ಕರು ಗಂಡೋ ಹೆಣ್ಣೋ, ಕೊನೆಯಲ್ಲಿ ಒಂದು ಸಣ್ಣ ಟಿಪ್ಪಣಿ. ವರ್ಷಕ್ಕೊಂದರಂತೆ ತುಂಬುತ್ತವೆ, ಯಾರೂ ಎಸೆಯುವುದಿಲ್ಲ. ನಾನು ಬರೆದುಕೊಟ್ಟ ಒಬ್ಬರ ಮನೆಯಲ್ಲಿ ಅವು ಕಾಫಿಪುಡಿಯ ಡಬ್ಬದಲ್ಲಿದ್ದವು. ಎಲ್ಲವನ್ನೂ ಅಡುಗೆಮನೆಯ ಮೇಜಿನ ಮೇಲೆ ಸುರಿದುಕೊಂಡೆ. 1992ರದ್ದರಲ್ಲಿ ಅವರದೇ ಅಕ್ಷರ, ದಪ್ಪ ಪೆನ್ಸಿಲ್, ಟಿಪ್ಪಣಿಯೆಂದರೆ ಒಂದೇ ಪದ: “ಸರಿ”. 1993ರದ್ದನ್ನು ತೆರೆದರೆ ಅಕ್ಷರವೇ ಬೇರೆ. ಓರೆಯಾದ, ಸಣ್ಣ, ನೀಲಿ ಶಾಯಿಯ ಬರಹ. “ಎಳೆಯಬೇಕಾಯಿತು. ಗಿಣ್ಣುಹಾಲು ಬಾಟಲಿಯಲ್ಲಿ ಕುಡಿಸಿದೆ. ತಾಯಿ ಬೆಳಗಿನವರೆಗೆ ಹತ್ತಿರ ಸೇರಿಸಲಿಲ್ಲ.” 1994ಕ್ಕೆ ಮತ್ತೆ ದಪ್ಪ ಪೆನ್ಸಿಲ್. 1995ಕ್ಕೆ ಮತ್ತೆ ನೀಲಿ ಶಾಯಿ. ಅವರ ಹೆಂಡತಿ ಎದುರಿಗೇ ಕುಳಿತಿದ್ದರು. “ಅವನಿಗೆ ಅಲ್ಲಿ ಟೈ ಕಟ್ಟಿಕೊಳ್ಳುವುದೇ ದೊಡ್ಡ ಕಷ್ಟವಾಗಿತ್ತಂತೆ” ಎಂದು ಹೇಳಿ ಎದ್ದು ಒಲೆಯ ಕಡೆ ಹೋದರು. ಬರಹದ ಮೊದಲ ಪ್ಯಾರಾ ನನಗೆ ಅಲ್ಲಿ ಸಿಕ್ಕಿತು. ಅವರ ಸಾರ್ವಜನಿಕ ಸೇವೆಯ ಅರ್ಧ ಭಾಗ ಈ ಕೊಟ್ಟಿಗೆಯಲ್ಲೇ ನಡೆದಿತ್ತು.

ಆದ್ದರಿಂದ ಪುಸ್ತಕ ಕೇಳಿ ಪಡೆಯಿರಿ. ಫೋಟೋ ತೆಗೆದುಕೊಳ್ಳುವುದಾದರೆ ಮನೆಯವರ ಎದುರಿಗೇ ತೆಗೆಯಿರಿ. ಅದರಲ್ಲಿ ದನದ ಸಂಖ್ಯೆ ಇರುತ್ತದೆ ಎಂಬುದನ್ನು ಮರೆಯಬೇಡಿ.

ಇನ್ನು ಸಭೆಗಳ ಕಡೆ. ಕೌಂಟಿ ಕಮಿಷನರ್ ಅವಧಿ ಇಲ್ಲಿ ಆರು ವರ್ಷ, ಹೆಚ್ಚಿನ ಕೌಂಟಿಗಳಲ್ಲಿ ಮೂವರು ಕಮಿಷನರುಗಳು. ನಡಾವಳಿ ಪುಸ್ತಕಗಳು ಕ್ಲರ್ಕ್ ಕಚೇರಿಯಲ್ಲಿರುತ್ತವೆ. ಅಳುಕದೆ ಹೋಗಿ ಕೇಳಿ. ಸಾರ್ವಜನಿಕ ಸಂಸ್ಥೆಗಳ ದಾಖಲೆ ನೋಡುವ ಹಕ್ಕನ್ನು ಈ ರಾಜ್ಯದ 1972ರ ಸಂವಿಧಾನವೇ ಎರಡನೆಯ ವಿಧಿಯ ಒಂಬತ್ತನೆಯ ಸೆಕ್ಷನ್ನಿನಲ್ಲಿ ಜನರಿಗೆ ಕೊಟ್ಟಿದೆ. ಆ ಸಂವಿಧಾನ ಬರೆದ 100 ಪ್ರತಿನಿಧಿಗಳಲ್ಲಿ ರ‍್ಯಾಂಚರುಗಳೂ ಇದ್ದರು. ಪಕ್ಷಾನುಸಾರ ಕೂರದೆ ಹೆಸರಿನ ಅಕ್ಷರಾನುಕ್ರಮದಲ್ಲಿ ಕುಳಿತಿದ್ದರು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ನಡಾವಳಿಯಲ್ಲಿ “ಸೂಚಿಸಿದರು, ಅನುಮೋದಿಸಿದರು” ಎಂಬ ಸಾಲುಗಳನ್ನು ದಾಟಿಹೋಗಿ. ಹುಡುಕಬೇಕಾದದ್ದು ಅವರೊಬ್ಬರೇ “ಇಲ್ಲ” ಎಂದ ಮತ, ತಡವಾಗಿ ಬಂದ ದಿನ, ಗೈರುಹಾಜರಿ. ಗೈರುಹಾಜರಾದ ತಾರೀಕನ್ನು ಕರು ಪುಸ್ತಕದಲ್ಲಿ ನೋಡಿದರೆ ಕಾರಣ ಅಲ್ಲಿರುತ್ತದೆ.

ಸಣ್ಣ ಮಂಡಳಿಗಳನ್ನು ಕಡೆಗಣಿಸಬೇಡಿ. ಸಂಬಳವಿಲ್ಲದ ಆ ಕೆಲಸಗಳೇ ಊರನ್ನು ನಡೆಸುತ್ತವೆ. ಹಸು ಮುಟ್ಟದ, ಹಾಲು ಸೋರುವ ಲೀಫಿ ಸ್ಪರ್ಜ್ ಎಂಬ ಕಳೆಯ ವಿರುದ್ಧ ಇಪ್ಪತ್ತು ವರ್ಷ ಬಡಿದಾಡಿದವರ ಬಗ್ಗೆ ಬರೆಯುವಾಗ “ಕಳೆ ಮಂಡಳಿಯ ಸದಸ್ಯರಾಗಿದ್ದರು” ಎಂದು ಮುಗಿಸಿದರೆ ಅನ್ಯಾಯ. ಅದರ ಬೇರು ಹಲವು ಅಡಿ ಆಳಕ್ಕೆ ಇಳಿಯುತ್ತದೆ, ಕಿತ್ತಷ್ಟೂ ಚಿಗುರುತ್ತದೆ. ಅಷ್ಟನ್ನು ಹೇಳಿದರೆ ಓದುವವರಿಗೆ ಆ ಇಪ್ಪತ್ತು ವರ್ಷ ಏನೆಂದು ತಿಳಿಯುತ್ತದೆ. ಸರ್ಕಾರಿ ಮೇವು ಭೂಮಿಯ ಮಾತು ಬಂದರೆ ನಮ್ಮ ಗೋಮಾಳವನ್ನು ನೆನೆಸಿಕೊಳ್ಳಿ, ಅರ್ಥವಾಗುತ್ತದೆ. ಯಾರ ದನ ಎಷ್ಟು ದಿನ ಮೇಯಬೇಕೆಂಬ ಜಗಳ ಅಲ್ಲಿಯೂ ಇಲ್ಲಿಯೂ ಒಂದೇ. ಆಗ್ನೇಯ ಮೊಂಟಾನಾದ ಮಿಜ್‌ಪಾ ಮತ್ತು ಪಂಪ್‌ಕಿನ್ ಹಳ್ಳಗಳ ನಡುವಿನ ರ‍್ಯಾಂಚರುಗಳು ಒಟ್ಟಾಗಿ ಮೇಯಿಸುವ ಕಟ್ಟುಪಾಡಿಗೆ 1928ರಲ್ಲಿ ಒಪ್ಪಿಕೊಂಡರು. 1934ರಲ್ಲಿ ಕೇಂದ್ರ ಸರ್ಕಾರದ ನೆಲದಲ್ಲಿ ಮೇಯಿಸುವುದಕ್ಕೆ ಕಟ್ಟುಪಾಡು ಹಾಕಿದ ಟೇಲರ್ ಮೇವು ಕಾಯಿದೆಗೆ ದಾರಿ ತೋರಿದ ಪ್ರಯೋಗಗಳಲ್ಲಿ ಅದೂ ಒಂದು. ನಿಮ್ಮವರ ಅಜ್ಜ ಅಂಥ ಸಂಘದಲ್ಲಿದ್ದರೆ ಅದನ್ನು ಬರೆಯಲೇಬೇಕು.

ಮನೆತನದ ಕಥೆಗಳನ್ನು ಮಾತ್ರ ಪರೀಕ್ಷಿಸದೆ ಬರೆಯಬೇಡಿ. ಎಲ್ಲರ ಅಜ್ಜನೂ ಲೆಕ್ಕವಿಲ್ಲದಷ್ಟು ದನ ಸತ್ತ 1886-87ರ ಆ ಘೋರ ಚಳಿಗಾಲವನ್ನು ದಾಟಿ ಬಂದವನೇ ಆಗಿರುತ್ತಾನೆ. ಜಮೀನಿನ ಮೊದಲ ಹಕ್ಕುಪತ್ರಗಳನ್ನು ಕೇಂದ್ರ ಭೂ ನಿರ್ವಹಣಾ ಇಲಾಖೆ ಜಾಲತಾಣದಲ್ಲಿ ಹಾಕಿದೆ. ಹೆಸರು, ರಾಜ್ಯ ಕೊಟ್ಟು ಹುಡುಕಬಹುದು. ಹಕ್ಕುಪತ್ರದಲ್ಲಿ 320 ಎಕರೆ ಎಂದಿದ್ದರೆ ಅದು ಬಹುಶಃ ಒಕ್ಕಲು ಕೂರುವವರಿಗೆ ಸರ್ಕಾರಿ ಜಮೀನು ಕೊಡುತ್ತಿದ್ದ 1909ರ ಕಾಯಿದೆಯಡಿ ಸಿಕ್ಕಿದ್ದು, 1880ರ ದಶಕದ ಕಥೆಯನ್ನು ಅನುಮಾನಿಸಬೇಕು. ಆದರೆ ಪತ್ರದ ತಾರೀಕೇ ಅವರು ಬಂದ ತಾರೀಕಲ್ಲ. ಮನೆ ಕಟ್ಟಿ, ಉತ್ತು, ವಾಸವಿದ್ದು ತೋರಿಸಿದ ಮೇಲೆ ಪತ್ರ ಸಿಗುತ್ತಿತ್ತು: ಮೊದಲು ಐದು ವರ್ಷ, 1912ರ ನಂತರ ಮೂರು. ಅಜ್ಜಿಯ ತವರಿನ ಹೆಸರಿನಲ್ಲೂ ಒಮ್ಮೆ ಹುಡುಕಿ. ಮದುವೆಯಾಗದ ಹೆಂಗಸರೂ ಜಮೀನು ಹಾಕಿಸಿಕೊಳ್ಳಬಹುದಾಗಿತ್ತು. ಎರಡು ಸಲ ನನಗೆ ಅಜ್ಜನದಕ್ಕಿಂತ ಹಳೆಯ ಪತ್ರ ಅಜ್ಜಿಯ ಹೆಸರಿನಲ್ಲಿ ಸಿಕ್ಕಿದೆ. ಮನೆಯವರ ಮುಖ ನೋಡಬೇಕಿತ್ತು.

ಜನರನ್ನು ಮಾತನಾಡಿಸುವಾಗ “ಅವರು ಎಂಥವರು?” ಎಂದು ಕೇಳಬೇಡಿ. “ಒಳ್ಳೆಯವರು” ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ಸಭೆಯಲ್ಲಿ ಟೋಪಿ ಎಲ್ಲಿಡುತ್ತಿದ್ದರು, ಸಿಟ್ಟು ಬಂದರೆ ಗೊತ್ತಾಗುತ್ತಿದ್ದುದು ಹೇಗೆ, ಅವರ ಪಿಕಪ್ಪಿನ ಸೀಟಿನ ಮೇಲೆ ಏನಿರುತ್ತಿತ್ತು ಎಂದು ಕೇಳಿ. ಒಬ್ಬ ಕ್ಲರ್ಕ್ ಹೇಳಿದ್ದು: “ಒಪ್ಪಿಗೆಯಿಲ್ಲದ ಮಾತು ಬಂದರೆ ಬೂಟಿನ ಸಗಣಿಯನ್ನು ಪೆನ್ನಿನ ಮುಚ್ಚಳದಿಂದ ಕೆರೆಯುತ್ತಿದ್ದರು. ಆ ಪೆನ್ನು ನನ್ನದು.” ಇಂಥ ಒಂದು ವಾಕ್ಯಕ್ಕಾಗಿ ಮೂರು ಮನೆ ಸುತ್ತಿದರೂ ನಷ್ಟವಿಲ್ಲ.

ಅವರ ವಿರುದ್ಧ ನಿಂತವರ ಬಳಿಗೂ ಹೋಗಿ. ಮನೆಯವರು ಹಿಂಜರಿದರೆ ನಾನು ಪಕ್ಕದ ವಯೋಮಿಂಗ್‌ನ ಕ್ಲಿಫರ್ಡ್ ಹ್ಯಾನ್ಸನ್ ಕಥೆ ಹೇಳುತ್ತೇನೆ. 1912ರಲ್ಲಿ ಹುಟ್ಟಿದ ಅವರು ಜ್ಯಾಕ್ಸನ್ ಹೋಲ್ ಕಣಿವೆಯ ರ‍್ಯಾಂಚರ್, ಕೌಂಟಿ ಕಮಿಷನರ್. 1943ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅಲ್ಲಿನ ನೆಲವನ್ನು ರಾಷ್ಟ್ರೀಯ ಸ್ಮಾರಕವೆಂದು, ಅಂದರೆ ಸರ್ಕಾರ ಕಾಯ್ದಿಡುವ ನೆಲವೆಂದು, ಘೋಷಿಸಿದಾಗ ಪ್ರತಿಭಟಿಸಿ ಅದರ ಮೇಲೆಯೇ ದನ ಹೊಡೆದುಕೊಂಡು ಹೋದವರಲ್ಲಿ ಒಬ್ಬರು. ಆಮೇಲೆ ರಾಜ್ಯಪಾಲರಾದರು, ಸೆನೆಟರ್ ಆದರು. ಆ ನೆಲ 1950ರಲ್ಲಿ ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು. ತಮ್ಮ ಆ ಹೋರಾಟ ತಪ್ಪಾಗಿತ್ತು, ಸೋತದ್ದೇ ಒಳ್ಳೆಯದಾಯಿತು ಎಂದು ಹ್ಯಾನ್ಸನ್ ಬಹಿರಂಗವಾಗಿಯೇ ಒಪ್ಪಿಕೊಂಡರು. 2009ರಲ್ಲಿ ತೀರಿಕೊಂಡಾಗ ಜನ ನೆನೆದದ್ದರಲ್ಲಿ ಆ ಒಪ್ಪಿಗೆಯೂ ಇತ್ತು. ಇದನ್ನು ಕೇಳಿದ ಮೇಲೆ ಮನೆಯವರೇ ಎದುರಾಳಿಯ ಫೋನ್ ನಂಬರ್ ಕೊಡುತ್ತಾರೆ.

ಮುದ್ರೆಯ ವಿಷಯದಲ್ಲಿ ನಾನು ಪಟ್ಟ ಪಾಡು ನೀವು ಪಡಬೇಡಿ. ದನದ ಮೈಮೇಲೆ ಕಾಸಿ ಹಾಕುವ ಮುದ್ರೆ ಇಲ್ಲಿ ಆಸ್ತಿ. ರಾಜ್ಯದಲ್ಲಿ ನೋಂದಣಿಯಾಗಿರುತ್ತದೆ, ಹತ್ತು ವರ್ಷಕ್ಕೊಮ್ಮೆ ನವೀಕರಣ, ಕಳೆದ ಸಲ 2021ರಲ್ಲಿ ಆಯಿತು. ಬರಹದ ಕೊನೆಗೆ ಅದನ್ನು ಅಚ್ಚು ಹಾಕುವುದು ರೂಢಿ. ಅಡ್ಡ ಮಲಗಿದ ಅಕ್ಷರಕ್ಕೆ “ಸೋಮಾರಿ” ಎನ್ನುತ್ತಾರೆ. ಒಂದು ಸಲ ಮಲಗಿದ್ದ ಅಕ್ಷರವನ್ನು ವಾರೆಯಾಗಿದೆ ಎಂದುಕೊಂಡು ನಾನೇ ನೆಟ್ಟಗೆ ನಿಲ್ಲಿಸಿಬಿಟ್ಟೆ. ಅದು ಹಳ್ಳದಾಚೆಯ ಮನೆತನದ ಮುದ್ರೆಯಾಯಿತು. ಮುದ್ರೆಯ ಆಕಾರದ ಜೊತೆಗೆ ಜಾಗವನ್ನೂ ಬರೆಯಿರಿ: ಎಡ ಪಕ್ಕೆ, ಬಲ ತೊಡೆ. ಜಾಗವಿಲ್ಲದ ಮುದ್ರೆ ಪೂರ್ಣವಲ್ಲ.

ಬರೆಯುವಾಗ ನಾನು ಮೊದಲು ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ, ಆಮೇಲೆ ಇಂಗ್ಲಿಷಿಗೆ ತಿರುಗಿಸುತ್ತೇನೆ. “ಅಜಾತಶತ್ರು”, “ಕೊಡುಗೈ ದಾನಿ”, “ತುಂಬಲಾರದ ನಷ್ಟ” ಎಂದೆಲ್ಲ ಪೆನ್ನು ತಾನಾಗಿ ಓಡುತ್ತದೆ. ಓಡಲಿ. ಎರಡನೆಯ ಓದಿನಲ್ಲಿ ಅವೆಲ್ಲವನ್ನೂ ಹೊಡೆದು, ಪ್ರತಿಯೊಂದರ ಜಾಗದಲ್ಲಿ ಒಂದು ಘಟನೆ ಇಡುತ್ತೇನೆ. ಘಟನೆ ಸಿಗದಿದ್ದರೆ ಆ ಗುಣ ಅವರಲ್ಲಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ ಎಂದೇ ಅರ್ಥ. ಅಚ್ಚಿಗೆ ಕಳಿಸುವ ಮುಂಚೆ ಮನೆಯವರ ಮುಂದೆ ಗಟ್ಟಿಯಾಗಿ ಓದಿ. ಎಲ್ಲಿ ನಕ್ಕರೋ ಅದನ್ನು ಬಿಡಬೇಡಿ.

ಕರು ಪುಸ್ತಕವನ್ನು ಬೇಗ ಹಿಂದಿರುಗಿಸಿ. ಈ ವರ್ಷ ನಾನು ಒಂದನ್ನು ಇಟ್ಟುಕೊಂಡೇ ಮರೆತಿದ್ದೆ. ಮಾರ್ಚ್‌ನಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಆ ಮನೆಯ ಮಗಳು ಫೋನ್ ಮಾಡಿದರು. ಎರಡು ವರ್ಷದ ಹಿಂದೆ 217ನೇ ಬಿಲ್ಲೆಯ ಹಸುವಿನ ಹೆರಿಗೆಯಲ್ಲಿ ಅಪ್ಪ ಏನು ಬರೆದಿದ್ದಾರೆ, ನೋಡಿ ಹೇಳಿ ಎಂದರು. ಅಂದು ಹುಟ್ಟಿದ್ದ ಕರು ಈಗ ಕೊಟ್ಟಿಗೆಯಲ್ಲಿ ತಾನೇ ಈಯುವುದರಲ್ಲಿತ್ತು. ದೀಪ ಹಾಕಿ ಓದಿ ಹೇಳಿದೆ: “ಹೆಣ್ಣು. ದೊಡ್ಡದು. ನಿಧಾನ. ಅವಸರ ಮಾಡಬಾರದು. 7ಕ್ಕೆ ಕಳೆ ಸಭೆ, ಹೋಗಲಿಲ್ಲ.”