ಭೂಕಂಪದ ಊರಿಗೆ ನೆರವಿನ ಗಂಟು: ಮಹಿಳಾ ಸಂಘಗಳು ಎಲ್ಲಿಂದ ಶುರು ಮಾಡಬೇಕು?

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಸುತ್ತಮುತ್ತ ನೆಲ ನಡುಗಿದಾಗ, ಕೆಸರುಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆಗಳೂ ಅವುಗಳ ಮೇಲಿನ ಭಾರದ ಮಣ್ಣಿನ ಮಾಳಿಗೆಗಳೂ ನಿದ್ದೆಯಲ್ಲಿದ್ದವರ ಮೇಲೆ ಕುಸಿದು ಸಾವಿರಾರು ಜನ ಸತ್ತರು. ಜಗಳೂರು, ಚಳ್ಳಕೆರೆ ಕಡೆಯ ಮಾಳಿಗೆ ಮನೆಗಳಲ್ಲಿ ಬೆಳೆದವರಿಗೆ ಆ ದೃಶ್ಯವನ್ನು ವಿವರಿಸಬೇಕಿಲ್ಲ. ಅಂಥ ಸುದ್ದಿ ಕೇಳಿದ ಕೂಡಲೇ ನಮ್ಮ ಮಹಿಳಾ ಸಂಘಗಳು ನೆರವು ಕೂಡಿಸಲು ಮನೆಮನೆಗೆ ಹೊರಡುತ್ತವೆ. ಆದರೆ ಮೊದಲು ಮಾಡಬೇಕಾದ ಕೆಲಸ ಅದಲ್ಲ.

2001ರ ಜನವರಿ 26ರ ಗುಜರಾತಿನ ಕಛ್ ಭೂಕಂಪದ ನಂತರ ದಾವಣಗೆರೆಯ ನಮ್ಮ ಓಣಿಯಲ್ಲಿ ಬಟ್ಟೆ ಕೂಡಿಸಿದವರಲ್ಲಿ ನಾನೂ ಒಬ್ಬಳು. ಮೂಟೆ ಬಿಚ್ಚಿದರೆ ಒಂಟಿ ಚಪ್ಪಲಿ, ಜಿಪ್ ಕಿತ್ತ ಪ್ಯಾಂಟು, ಅಂಚು ಹರಿದ ಸೀರೆ. ಸೀರೆ ಗಟ್ಟಿಯಿದ್ದರೂ, ಘಾಗ್ರಾ ತೊಟ್ಟು ಓಢಣಿ ಹೊದೆಯುವ ಅಲ್ಲಿನ ಎಷ್ಟೋ ಹೆಂಗಸರಿಗೆ ಅದು ಒಗ್ಗುತ್ತಿರಲಿಲ್ಲ. ಆದ್ದರಿಂದ ಮೊದಲ ಹೆಜ್ಜೆ ಕೇಳುವುದು. ಪೀಡಿತ ಜಿಲ್ಲೆಯ ಆಡಳಿತದ ಮೂಲಕ ಅಲ್ಲಿನದೇ ಒಂದು ಮಹಿಳಾ ಸಂಘವನ್ನು ಹುಡುಕಿ, ಏನು ಬೇಕು, ಏನು ಬೇಡ ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು.

ಎರಡನೆಯದು ಠರಾವು. ಯಾವ ಸಾಮಾನು, ಯಾವ ತಾರೀಖಿನವರೆಗೆ, ಹಣ ಯಾರ ಕೈಯಲ್ಲಿ ಎಂಬುದು ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು. ಸದಸ್ಯರ ಉಳಿತಾಯದ ಹಣವನ್ನು ಇದಕ್ಕೆ ಬೆರೆಸಲೇಬಾರದು.

ಮೂರನೆಯದು ಗಂಟು ಕಟ್ಟುವುದು, ಅದರಲ್ಲೂ ಗಂಡಸರು ಬರೆದ ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಹೆಂಗಸರ ಗಂಟು. ಮುಟ್ಟಿನ ದಿನಗಳಿಗೆ ಗಾಢ ಬಣ್ಣದ, ಹೊಸದಾದ ಮೆತ್ತನೆಯ ಹತ್ತಿ ಬಟ್ಟೆ ಅಥವಾ ಪ್ಯಾಡ್, ಬೇರೆ ಬೇರೆ ಅಳತೆಯ ಒಳಉಡುಪು, ಮುಚ್ಚಳವಿರುವ ಬಕೆಟ್, ಟಾರ್ಚು, ಪಿನ್ನು, ಬಾಚಣಿಗೆ ಇರಲಿ. ಬಟ್ಟೆ ಕೊಟ್ಟರೆ ಜೊತೆಗೆ ನಾಲ್ಕು ಮಾರು ಹಗ್ಗವನ್ನೂ ತೆಳು ಟವೆಲನ್ನೂ ಇಡಬೇಕು. ಗುಡಾರಗಳ ನಡುವೆ ಮುಟ್ಟಿನ ಬಟ್ಟೆಯನ್ನು ಬಿಸಿಲಿಗೆ ಹರವಲು ನಾಚಿ, ಹಸಿಯಾಗಿಯೇ ಮಡಚಿಟ್ಟು ಮತ್ತೆ ಬಳಸಿದರೆ ಕಾಯಿಲೆ ತಗಲುವ ಭಯವಿದೆ, ಮೇಲೆ ಟವೆಲ್ ಹರವಿದರೆ ಆ ಸಂಕೋಚ ತಪ್ಪುತ್ತದೆ. ಪರಿಹಾರ ಕಾರ್ಯಕ್ಕೆಂದು ಜಗತ್ತಿನಾದ್ಯಂತ ಒಪ್ಪಿಕೊಂಡಿರುವ ಸ್ಫಿಯರ್ ಮಾನದಂಡದ ಪ್ರಕಾರ ಒಬ್ಬರಿಗೆ ತಿಂಗಳಿಗೆ 250 ಗ್ರಾಂ ಮೈಸೋಪು, 200 ಗ್ರಾಂ ಬಟ್ಟೆಸೋಪು ಬೇಕು. ಹೊಸ ಬ್ಲೇಡು, ಹೊಕ್ಕುಳಬಳ್ಳಿ ಕಟ್ಟುವ ಶುದ್ಧ ದಾರ, ಸೋಪು, ಪ್ಲಾಸ್ಟಿಕ್ ಹಾಳೆ, ಶುಭ್ರ ಬಟ್ಟೆ ಇರುವ ಹೆರಿಗೆ ಪೊಟ್ಟಣಗಳನ್ನು ಮಾತ್ರ ಎಲ್ಲರಿಗೂ ಹಂಚದೆ ಅಲ್ಲಿನ ಆರೋಗ್ಯ ಕಾರ್ಯಕರ್ತೆಯ ಕೈಗೇ ಒಪ್ಪಿಸಬೇಕು.

ಚಳಿಗಾಲವಾದರೆ ಚಳ್ಳಕೆರೆಯ ಕಂಬಳಿಯಂಥ ಆಸರೆ ಇನ್ನೊಂದಿಲ್ಲ. ಮಂಡಕ್ಕಿಯ ವಿಷಯದಲ್ಲಿ ನನ್ನ ಊರಿನವರು ಬೇಸರಿಸಬಾರದು: ಅದು ಲಾರಿಯ ಜಾಗವನ್ನೆಲ್ಲ ನುಂಗುತ್ತದೆ, ಥಂಡಿ ತಾಗಿದರೆ ಮೆತ್ತಗಾಗುತ್ತದೆ. ಅವಲಕ್ಕಿ, ಶೇಂಗಾ, ಬೆಲ್ಲ ಕಳಿಸುವುದೇ ಮೇಲು.

ಮೂಟೆಯ ಹೊರಗೆ ಆ ಊರಿನವರು ಓದಬಲ್ಲ ಭಾಷೆಯಲ್ಲಿ ಸಾಮಾನಿನ ಹೆಸರು ಬರೆದು, ಹೆಂಗಸರ ಗಂಟುಗಳಿಗೆ ಬೇರೆಯೇ ಗುರುತು ಹಾಕಬೇಕು.

ಹಂಚಿಕೆಯನ್ನು ಅಲ್ಲಿನ ಹೆಂಗಸರೇ ಹಗಲಿನಲ್ಲಿ ಮಾಡಲಿ. ಚೀಟಿ ಮನೆಯ ಯಜಮಾನನ ಹೆಸರಿನಲ್ಲಷ್ಟೇ ಇದ್ದರೆ ವಿಧವೆಯರೂ ಒಂಟಿ ಹೆಂಗಸರೂ ಸಾಲಿನಿಂದಲೇ ಹೊರಗುಳಿಯುತ್ತಾರೆ. ನಮ್ಮ ಪ್ರತಿನಿಧಿಗಳು ಹೋದಾಗ ಶೌಚಾಲಯಕ್ಕೆ ಒಳಚಿಲಕ, ದೀಪ ಇವೆಯೇ ಎಂದು ನೋಡಿ, ಇಲ್ಲದಿದ್ದರೆ ಶಿಬಿರದ ಅಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಕಿರುಕುಳದ ದೂರುಗಳಿಗೆ 181 ಮತ್ತು 112 ಸಂಖ್ಯೆಗಳನ್ನು ಗಂಟಿನೊಳಗಿನ ಚೀಟಿಯಲ್ಲಿ ಬರೆದಿಡಬಹುದು.

ಲಾರಿ ಖಾಲಿಯಾದ ಮೇಲೂ ಕೆಲಸ ಉಳಿಯುತ್ತದೆ. ಮರಣ ಪ್ರಮಾಣಪತ್ರ, ಬ್ಯಾಂಕ್ ಖಾತೆ, ಹೊಸ ಮನೆಯ ಹಕ್ಕುಪತ್ರದಲ್ಲಿ ಹೆಂಡತಿಯ ಹೆಸರು, ಇವಕ್ಕೆಲ್ಲ ತಿಂಗಳುಗಟ್ಟಲೆ ಅಲೆದಾಟವಿದೆ. ಕಿಲ್ಲಾರಿ ಇರುವ ಲಾತೂರು ಜಿಲ್ಲೆಯಲ್ಲಿ 1993ರ ಭೂಕಂಪದ ನಂತರ ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆಯ ಜೊತೆ ಹಳ್ಳಿಯ ಹೆಂಗಸರೇ ಸಂವಾದ ಸಹಾಯಕಿಯರಾಗಿ, ಮನೆ ದುರಸ್ತಿಯ ಮಾಹಿತಿಯನ್ನು ಬಾಗಿಲಿಗೆ ತಲುಪಿಸಿದರು. ಆ ಭಾಗದ ಹೆಂಗಸರು 2001ರಲ್ಲಿ ಗುಜರಾತಿಗೂ ಹೋಗಿ ತಾವು ಕಲಿತದ್ದನ್ನು ಅಲ್ಲಿಯವರಿಗೆ ಹೇಳಿಕೊಟ್ಟರು. ಹಾಗಾಗಿ ಕೂಡಿದ ಹಣದಲ್ಲಿ ಒಂದು ಪಾಲನ್ನು ಖರ್ಚು ಮಾಡದೆ ಇಟ್ಟುಕೊಂಡು, ತಿಂಗಳಾದ ಮೇಲೆ ಅದೇ ಸಂಘಕ್ಕೆ ಮತ್ತೆ ಫೋನ್ ಮಾಡಿ, ಅವರು ಹೇಳಿದ್ದನ್ನು ಮುಂದಿನ ಸಭೆಯ ನಡಾವಳಿಯಲ್ಲಿ ಮೊದಲ ವಿಷಯವಾಗಿ ಬರೆದುಕೊಳ್ಳಿ.