ಮೀನಿನ ತೊಟ್ಟಿಯಲ್ಲಿ ಬಿಸಿ ಗಾಳಿ

ಮುಚ್ಚಿದ ಕೋಣೆಯ ನೆಲದಿಂದ ಬಿಸಿ ಗಾಳಿ ಚಿಮ್ಮಿದರೆ, ಮಾಡಿನ ಕೆಳಗೆ ಸೇರುವ ಬಿಸಿ ಪದರ ಎಷ್ಟು ಬೇಗ ಕೆಳಗಿಳಿಯುತ್ತದೆ? ನನ್ನ ಕಂಪ್ಯೂಟರ್ ಮಾಡೆಲ್ ಒಂದು ಉತ್ತರ ಕೊಟ್ಟಿತ್ತು. ಆದರೆ ನನಗೆ ನಂಬಿಕೆ ಬರಲಿಲ್ಲ. ಎರಡು ಅಡಿ ಉದ್ದ, ಒಂದು ಅಡಿ ಅಗಲದ ಮೀನಿನ ತೊಟ್ಟಿ ತಂದೆ.

ಬಿಸಿ ಗಾಳಿ ಮೇಲೇರುತ್ತದೆ, ಉಪ್ಪುನೀರು ಕೆಳಗಿಳಿಯುತ್ತದೆ. ತಲೆಕೆಳಗಾಗಿ ನೋಡಿದರೆ ಎರಡರ ಲೆಕ್ಕವೂ ಒಂದೇ ಅಲ್ವಾ? ತೊಟ್ಟಿಗೆ 40 ಸೆಂ.ಮೀ. ನೀರು ತುಂಬಿ ರಾತ್ರಿಯಿಡೀ ಬಿಟ್ಟೆ. ನೀರು ಪೂರ್ತಿ ನಿಲ್ಲದಿದ್ದರೆ ಅಳತೆ ಕೆಡುತ್ತದೆ. ಬೇರೆ ಪಾತ್ರೆಯ ನೀರಿಗೆ ಲೀಟರಿಗೆ 30 ಗ್ರಾಂ ಉಪ್ಪು, ನೇರಳೆ ಬಣ್ಣಕ್ಕೆ ಒಂದು ಚಿಟಿಕೆ ಪೊಟ್ಯಾಸಿಯಂ ಪರ್ಮಾಂಗನೇಟ್ ಬೆರೆಸಿದೆ. ಅದನ್ನು 5 ಮಿ.ಮೀ. ನಳಿಕೆಯಿಂದ ಸೆಕೆಂಡಿಗೆ ಸುಮಾರು 8 ಮಿ.ಲೀ.ನಂತೆ ತೊಟ್ಟಿಯೊಳಗೆ ಮೇಲಿನಿಂದ ಕೆಳಕ್ಕೆ ಬಿಟ್ಟೆ. ಗಾಜಿಗೆ ಸ್ಕೇಲ್ ಅಂಟಿಸಿ, ಮೊಬೈಲಿನಲ್ಲಿ ವಿಡಿಯೋ ಮಾಡಿದೆ.

ಈ ಅಳತೆಗೆ ಮೊದಲ 6 ಸೆಂ.ಮೀ.ನಷ್ಟು ದೂರ ಚಿಮ್ಮಿದ ವೇಗದ್ದೇ ಕಾರುಬಾರು. ಆಮೇಲೆ ಭಾರದ್ದು. ಇಳಿಯುವ ನೀರು ಸುತ್ತಲಿನ ನೀರನ್ನು ಒಳಗೆಳೆಯುತ್ತಲೇ ಹೋಗುತ್ತದೆ. ಒಳಗೆಳೆಯುವ ವೇಗ ಆಯಾ ಮಟ್ಟದಲ್ಲಿ ಧಾರೆಯ ವೇಗದ ಒಂದು ನಿಗದಿತ ಪಾಲು ಎಂದು 1956ರಲ್ಲಿ ವಿಜ್ಞಾನಿಗಳಾದ ಮಾರ್ಟನ್, ಟೇಲರ್, ಟರ್ನರ್ ಇಟ್ಟುಕೊಂಡು ಲೆಕ್ಕ ಹಾಕಿದರು. ಆ ಲೆಕ್ಕದಲ್ಲಿ ನನ್ನ ಧಾರೆ ಶುರುವಿನಲ್ಲಿ ತಳ ಮುಟ್ಟುವಾಗ ಸೆಕೆಂಡಿಗೆ ಸುಮಾರು 370 ಮಿ.ಲೀ.! ಬಿಟ್ಟದ್ದರ 45 ಪಟ್ಟಿಗೂ ಜಾಸ್ತಿ. ತೊಟ್ಟಿಯಲ್ಲಿ ಇನ್ನೊಂದು ವಿಷಯವಿದೆ. ತಳದ ಬಣ್ಣದ ಪದರ ಬೆಳೆದಂತೆ ಧಾರೆ ತಾನೇ ಸುರಿದ ನೀರನ್ನು ಮತ್ತೆ ಎಳೆದುಕೊಳ್ಳುತ್ತದೆ. ಬೇನ್ಸ್ ಮತ್ತು ಟರ್ನರ್ 1969ರಲ್ಲಿ ಇದನ್ನು ಲೆಕ್ಕಕ್ಕೆ ತಂದರು.

ನನ್ನ ಮಾಡೆಲಿನಲ್ಲಿ ಧಾರೆ ತೀರ ಸಪೂರವಿತ್ತು, ಪದರ ನಿಧಾನ ಬೆಳೆಯುತ್ತಿತ್ತು. ಹರಿವಿನ ಸುಳಿ-ಕಲಕಾಟವನ್ನು ಲೆಕ್ಕ ಹಾಕುವ ಕೆ-ಎಪ್ಸಿಲಾನ್ ಸಮೀಕರಣದಲ್ಲಿ, ಸಾಂದ್ರತೆಯ ವ್ಯತ್ಯಾಸದಿಂದಾಗುವ ಪರಿಣಾಮದ ಭಾಗವನ್ನು (ತೇಲುವಿಕೆಯ ಪದ) ನಾನು ಸೇರಿಸಿಯೇ ಇರಲಿಲ್ಲ. ಸೇರಿಸಿದರೂ ಸಾಲಲಿಲ್ಲ. ಆ ಭಾಗಕ್ಕೆ ಬಳಸುವ ಸರಳ ಸೂತ್ರ ಮೇಲೆ-ಕೆಳಗಿನ ಸಾಂದ್ರತೆಯ ವ್ಯತ್ಯಾಸ ಮಾತ್ರ ನೋಡುತ್ತದೆ. ಧಾರೆಯಲ್ಲಿ ದೊಡ್ಡ ವ್ಯತ್ಯಾಸ ಇರುವುದು ಅಡ್ಡಕ್ಕೆ, ನಡುವಿನಿಂದ ಅಂಚಿಗೆ. ಅದನ್ನೂ ಹಿಡಿಯುವ ಸೂತ್ರ ಹಾಕಿದ ಮೇಲೆ ಧಾರೆ ಅಗಲವಾಯಿತು. ನನಗಾದ ಖುಷಿ ಹೇಳತೀರದು.

ಗೋಡೆ ಮಾತ್ರ ಇನ್ನೂ ಕಾಡುತ್ತಿದೆ. ತಳದಲ್ಲಿ ಹರಡಿದ ನೇರಳೆ ನೀರು ಗಾಜಿಗೆ ಬಡಿದು ಮೇಲೇರಿ, ಮಗುಚಿ ಬಿದ್ದು ಪದರದ ಅಂಚನ್ನೇ ಕಲಕಿತು. ನೀರಿನ ಆಳ 20 ಸೆಂ.ಮೀ.ಗೆ ಇಳಿಸಿದೆ. ಮಗುಚುವುದು ಕಡಿಮೆಯಾಯಿತು, ಮಾಡೆಲಿನ ಗೆರೆ ವಿಡಿಯೋದ ಗೆರೆಗೆ ಹತ್ತಿರ ಬಂತು. 40 ಸೆಂ.ಮೀ.ಗೆ ಇನ್ನೂ ಬಂದಿಲ್ಲ. ಹಾಗಾಗಿ ಎತ್ತರವಾದ, ಇಕ್ಕಟ್ಟಿನ ಕೋಣೆಗೆ ನಾನೀಗ ಒಂದೇ ಸಂಖ್ಯೆ ಕೊಡುವುದಿಲ್ಲ. ಇಷ್ಟರಿಂದ ಇಷ್ಟರವರೆಗೆ ಎಂದು ಬರೆದು, ಪಕ್ಕದಲ್ಲಿ ತೊಟ್ಟಿಯ ಚಿತ್ರ ಹಾಕುತ್ತೇನೆ.